ಕಾಣೆಯಾದ ಕರೆಂಟು

"ಇನ್ನೂ ಎಷ್ಟು ಹೊತ್ತು ಮಲಗಬೇಕು, ಮೇಡಂ?"

ಡ್ರೈವರ್ ಸೀಟನ್ನು ಹಿಂದಕ್ಕೆ ಬಾಗಿಸಿ, ಟವೆಲನ್ನು ಕಿವಿಗೆ ಸುತ್ತಿಕೊಂಡು ಒರಗಿದ್ದ ಹೆಡ್ ಕಾನ್‌ಸ್ಟೆಬಲ್ ಕಣ್ಣು ಬಿಡದೆಯೇ ಕೇಳಿದ. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿತ್ತು. ಹೆಸರನ್ನು ಬೋಳಿಸಲು ಆಗಿರಲಿಲ್ಲ.

"ಅವರು ಮಲಗಿದ್ದಷ್ಟು ಹೊತ್ತು," ಎಂದಳು ಹಿಂದಿನ ಸೀಟಿನಲ್ಲಿದ್ದ ಇನ್‌ಸ್ಪೆಕ್ಟರ್. "ಎರಡು ಗಂಟೆ ಅಂತ ಹೇಳಿಕೆ ಕೊಟ್ಟಿದ್ದಾರೆ. ನಾವೂ ಎರಡು ಗಂಟೆ ಮಲಗೋಣ."

"ನಿದ್ದೆ ಬಂದ್ರೆ ಡ್ಯೂಟಿ, ಬರದಿದ್ರೆ ಶಿಕ್ಷೆ. ನನ್ನ ಸರ್ವೀಸಲ್ಲೇ ಇಂಥದ್ದು ಕಂಡಿಲ್ಲ."

ಸ್ವಲ್ಪ ಹೊತ್ತಿಗೆ ಅವನು ನಿಜವಾಗಿಯೂ ಗೊರಕೆ ಹೊಡೆಯತೊಡಗಿದ.

ಹಿಂದಿನ ವಾರ ಇದೇ ಎಲೆಕ್ಟ್ರಿಕ್ ಕಾರಿನಲ್ಲಿ, ಇದೇ ರಸ್ತೆಯಲ್ಲಿ ಹಲ್ಲಿನ ಡಾಕ್ಟರೊಬ್ಬರು ತಮ್ಮ ಭಾವಮೈದುನನ ಜೊತೆ ಹೊರಟಿದ್ದರು. ಎರಡನೆಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕಾರು ಸಿಕ್ಕಿತು, ಭಾವಮೈದುನ ಸಿಕ್ಕಿದ, ಡಾಕ್ಟರು ಸಿಗಲಿಲ್ಲ.

ಆ ಭಾವಮೈದುನ ಈಗ ಮುಂದಿನ ಸೀಟಿನಲ್ಲಿ, ಮೀಸೆಯ ಪಕ್ಕದಲ್ಲಿ ಕೂತಿದ್ದ. ಸ್ನಾನದ ಮನೆಗೆ ಹಾಕುವ ಟೈಲ್ಸ್ ಮಾರುವವನು. ಮೂವತ್ತೈದರ ಆಸುಪಾಸು, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ. ಅವನು ಮಾತ್ರ ಮಲಗಿರಲಿಲ್ಲ. ರಸ್ತೆ ಬದಿಯ ಮರಗಳನ್ನೇ ನೋಡುತ್ತಿದ್ದ.

"ಇಲ್ಲೇ ತಾನೇ ನಿಲ್ಲಿಸಿದ್ದು?"

"ಇಲ್ಲೇ ಮೇಡಂ. ಇದೇ ನೆರಳು. ಊಟ ಮಾಡಿದ್ವಿ, ಭಾವನಿಗೆ ಕಣ್ಣು ಎಳೀತಿತ್ತು, ಎ.ಸಿ. ಹಾಕ್ಕೊಂಡು ಮಲಗಿದ್ವಿ. ಎಷ್ಟು ಸಲ ಹೇಳಲಿ?"

"ಎ.ಸಿ. ಹದಿನೆಂಟಕ್ಕೆ?"

"ಹದಿನೆಂಟಕ್ಕೇ."

ಹಾಗಾಗಿ ಇವತ್ತೂ ಹದಿನೆಂಟು. ನಡು ಮಧ್ಯಾಹ್ನದ ಬಿಸಿಲಲ್ಲಿ ನಾಲ್ಕು ಜನ ಚಳಿಗೆ ಮುದುಡಿಕೊಂಡು ಕೂತಿದ್ದರು. ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಕನ್ನಡಕದ ಒಂದು ಕಡ್ಡಿಗೆ ಅಂಟುಪಟ್ಟಿ ಸುತ್ತಿತ್ತು. ಅಂಗಡಿಗೆ ಹೋಗಿ ಸರಿ ಮಾಡಿಸಬೇಕು ಅಂದುಕೊಂಡದ್ದು ಈ ಕೇಸಿಗೂ ಮೊದಲು. ಕೇಸು ಕೈಗೆ ಬಂದಾಗಿನಿಂದ ಅವಳು ಮನೆಯಲ್ಲಿ ಕೂತು ಒಂದು ಊಟವನ್ನೂ ಪೂರ್ತಿ ಮಾಡಿರಲಿಲ್ಲ.

ಫೋನು ನಡುಗಿತು. ಗಂಡ.

"ವಾಷಿಂಗ್ ಮಷೀನ್ ಬಾಗಿಲು ತೆಗೀತಾನೇ ಇಲ್ಲ ಕಣೇ. ಒಳಗೆ ನನ್ನ ಅಂಗಿಗಳೆಲ್ಲ ಇವೆ."

"ಗುಂಡಿ ಆರಿಸಿ ಎರಡು ನಿಮಿಷ ಬಿಡಿ. ತಾನೇ ತೆಗೆಯುತ್ತೆ."

"ನೀನೆಲ್ಲಿದ್ದೀಯ?"

"ಮಲಗಿದ್ದೀನಿ," ಎಂದು ಫೋನಿಟ್ಟಳು.

ಪಕ್ಕದಲ್ಲಿ ಕೂತಿದ್ದ ಡಾಕ್ಟರ ಹೆಂಡತಿ ಮೊದಲ ಬಾರಿಗೆ ತುಟಿ ಅರಳಿಸಿದಳು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಮಾತು ಯಾವಾಗಲೂ ಪಿಸುದನಿಯಲ್ಲೇ. ನಾನೂ ಬರುತ್ತೇನೆ ಎಂದು ಹಟ ಹಿಡಿದು ಬಂದಿದ್ದಳು.

"ಅವರು ಹೀಗೆಲ್ಲ ದಾರಿ ಮಧ್ಯೆ ನಿಲ್ಲಿಸೋರಲ್ಲ," ಎಂದಳು. "ಪ್ರಯಾಣ ಅಂದ್ರೆ ಒಂದು ವಾರ ಮೊದಲೇ ಶುರು. ಎಲ್ಲಿ ಚಾರ್ಜ್ ಮಾಡೋದು, ಅಲ್ಲಿ ಮಷೀನ್ ಕೆಟ್ಟಿದ್ರೆ ಇನ್ನೆಲ್ಲಿ, ಅದೂ ಕೆಟ್ಟಿದ್ರೆ ಮತ್ತೆಲ್ಲಿ. ಹಿಂದಿನ ದಿನ ಫೋನ್ ಮಾಡಿ ಕೇಳೋರು. ಮಷೀನ್ ನಡೀತಿದೆಯಾ, ನೆರಳಿದೆಯಾ, ಟಾಯ್ಲೆಟ್ ತೊಳೆದಿದ್ದೀರಾ ಅಂತ. ಹಲ್ಲು ಕೀಳೋಕೆ ಮುಂಚೆ ಎಕ್ಸ್‌ರೇ ನೋಡೋ ಹಾಗೆ."

"ಚಾರ್ಜು ಪೂರ್ತಿ ಇಳಿಯೋ ತನಕ ಓಡಿಸ್ತಿದ್ರಾ?"

"ಅಯ್ಯೋ, ಇಲ್ಲಮ್ಮ. ಇಪ್ಪತ್ತು ಪರ್ಸೆಂಟು ಅವರಿಗೆ ಲಕ್ಷ್ಮಣರೇಖೆ. ಒಂದ್ಸಲ ಇಪ್ಪತ್ತೆರಡಕ್ಕೆ ಬಂದಿತ್ತು. ಎ.ಸಿ. ಆರಿಸಿದ್ರು, ರೇಡಿಯೋ ಆರಿಸಿದ್ರು, ಆಮೇಲೆ ನನ್ನನ್ನೂ ಸುಮ್ನಿರು ಅಂದ್ರು. ನಾನು ಮಾತಾಡಿದ್ರೆ ಬ್ಯಾಟರಿ ಇಳಿಯುತ್ತೆ ಅನ್ನೋ ಹಾಗೆ."

ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

"ಹಳೇ ಕ್ಲಾಸ್‌ಮೇಟುಗಳೆಲ್ಲ ಸೇರ್ತಾರೆ ಅಂತ ಎಷ್ಟು ಖುಷಿಯಾಗಿದ್ರು. ಊಟ ಆದ್ಮೇಲೆ ತೂಕಡಿಸ್ತಾರೆ, ಒಬ್ಬರೇ ಬೇಡ ಅಂತ ತಮ್ಮನ್ನ ಜೊತೆಗೆ ಕಳಿಸಿದ್ದು ನಾನೇ."

ಮುಂದಿನ ಸೀಟಿನಲ್ಲಿ ತಮ್ಮ ಕತ್ತು ತಿರುಗಿಸಲಿಲ್ಲ.

*

ಎರಡನೆಯ ಚಾರ್ಜಿಂಗ್ ಸ್ಟೇಷನ್ನು ಮುಚ್ಚಿಹೋದ ನೂಲಿನ ಗಿರಣಿಯ ಹಿಂಗೋಡೆಗೆ ಒರಗಿಕೊಂಡಿತ್ತು. ತಗಡಿನ ಚಾವಣಿ, ಎರಡು ಯಂತ್ರ, ಪಕ್ಕದಲ್ಲೊಂದು ಕಾಫಿ ಅಂಗಡಿ, ಅದರ ಮುಂದೆ ಬಿಸಿಲಿಗೆ ಬಣ್ಣ ಬಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಒಂದು ಯಂತ್ರದಲ್ಲಿ ಯಾರದ್ದೋ ಕಾರು ಚಾರ್ಜಾಗುತ್ತಿತ್ತು. ಅದರೊಳಗೆ ಹೆಂಡತಿ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು: "ಮುಂಚೇನೇ ನೋಡ್ಕೊಂಡು ಬರಬೇಕು ಅನ್ನೋ ಜ್ಞಾನ ಬೇಡ್ವಾ? ತಳ್ಳಿಕೊಂಡು ಬಂದ ಹಾಗಾಯ್ತಲ್ಲ!"

ಮೀಸೆ ಕಾರನ್ನು ಎರಡನೆಯ ಯಂತ್ರದ ಮುಂದೆ ನಿಲ್ಲಿಸಿದ. ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿ ಪರದೆಯಲ್ಲಿ ಉಳಿದ ಚಾರ್ಜು ನೋಡಿದಳು.

ಮೂವತ್ತೊಂದು.

ಅವಳು ಇಳಿದು, ಡಿಕ್ಕಿ ತೆಗೆಸಿ, ಒಳಗೆ ಸ್ವಲ್ಪ ಹೊತ್ತು ನೋಡಿದಳು. ಹಾಗೇ ಮುಚ್ಚಿದಳು. ಮೀಸೆ ಕೇಬಲ್ ಎಳೆದು ಕಾರಿಗೆ ಚುಚ್ಚಿದ. ಯಂತ್ರ ಗುಂಯ್ ಎಂದಿತು.

"ನಾಲ್ಕು ಕಾಫಿ," ಎಂದಳು ಅಂಗಡಿಯಾಕೆಗೆ. "ಬಿಸಿ ಬಿಸಿ. ಕೈ ಮರಗಟ್ಟಿಹೋಗಿದೆ."

ಕುರ್ಚಿಯಲ್ಲಿ ಕೂತು ಮೇಜಿನಡಿ ಬೂಟು ಕಳಚಿದಳು. ಟೈಲ್ಸ್ ವ್ಯಾಪಾರಿ ಎದುರಿಗೆ ಕೂತ. ಅಕ್ಕ ಅವನ ಪಕ್ಕ. ಮೀಸೆ ಕಾಫಿ ಲೋಟ ಹಿಡಿದು ತುಸು ದೂರದ ಕಂಬಕ್ಕೆ ಒರಗಿದ.

"ಇವತ್ತು ನಾವು ನಿಮ್ಮ ಹೇಳಿಕೆ ಹೇಗಿದೆಯೋ ಹಾಗೇ ಮಾಡಿದ್ವಿ," ಎಂದಳು ಇನ್‌ಸ್ಪೆಕ್ಟರ್. ದನಿಯಲ್ಲಿ ಬಿರುಸಿರಲಿಲ್ಲ. ಸಂತೆ ಮುಗಿಸಿ ಬಂದವರ ದನಿ ಅದು. "ಮೊದಲನೇ ಸ್ಟೇಷನ್ನಲ್ಲಿ ಡಾಕ್ಟರು ಎಷ್ಟು ತುಂಬಿಸಿದ್ರೋ ಅಷ್ಟೇ ತುಂಬಿಸಿದ್ವಿ. ಅದೇ ರಸ್ತೆ, ಅದೇ ವೇಗ. ಅದೇ ಮರದ ಕೆಳಗೆ ಎರಡು ಗಂಟೆ ನಿದ್ದೆ, ಅದೇ ಎ.ಸಿ. ಇಲ್ಲಿಗೆ ಬಂದಾಗ ಮೂವತ್ತೊಂದು ಪರ್ಸೆಂಟಿತ್ತು."

"ಸರಿ."

"ಆ ದಿನ ನೀವು ಬಂದಾಗ ಎಷ್ಟಿತ್ತು ಗೊತ್ತಾ?"

"ನಾನ್ಯಾಕೆ ನೋಡಲಿ? ಅದೆಲ್ಲ ಭಾವನ ಇಲಾಖೆ."

"ಯಂತ್ರ ನೋಡಿದೆ. ಕೇಬಲ್ ಚುಚ್ಚಿದ ಕೂಡಲೇ ಅದು ಗುರುತು ಹಾಕ್ಕೊಳ್ಳುತ್ತೆ. ಹದಿನಾಲ್ಕು."

ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟಳು. "ಹದಿನಾಲ್ಕಾ? ಅವರು ಹದಿನಾಲ್ಕಕ್ಕೆ ಬರೋದಾ?"

"ಹದಿನೇಳು ಪರ್ಸೆಂಟು ಎಲ್ಲಿ ಹೋಯ್ತು?" ಎಂದಳು ಇನ್‌ಸ್ಪೆಕ್ಟರ್.

ಅವನು ನಕ್ಕ. "ಇದೊಂದು ದೊಡ್ಡ ವಿಷಯಾನಾ ಮೇಡಂ? ಆವತ್ತು ಎದುರುಗಾಳಿ ಜೋರಿತ್ತು."

"ಹವಾಮಾನ ಇಲಾಖೆಯವರನ್ನ ಕೇಳಿದೆ. ಎಲೆ ಅಲ್ಲಾಡಿರಲಿಲ್ಲ."

"ಲಗೇಜಿತ್ತು."

"ಎರಡು ಬ್ಯಾಗು. ಇವತ್ತು ನಮ್ಮ ಮೀಸೆ ಒಬ್ಬನೇ ನಾಲ್ಕು ಬ್ಯಾಗಿಗೆ ಸಮ."

ಕಂಬದ ಕಡೆಯಿಂದ ಕೆಮ್ಮು ಕೇಳಿಸಿತು.

"ಹಾಗಾದ್ರೆ... ಟೈರಲ್ಲಿ ಗಾಳಿ ಕಮ್ಮಿ ಇದ್ದಿರಬಹುದು. ದಾರಿ ತಪ್ಪಿ ಸ್ವಲ್ಪ ಸುತ್ತಿರಬಹುದು. ನಂಗೇನು ನೆನಪಿರುತ್ತೆ?"

"ಸುತ್ತಿಲ್ಲ. ಕಾರಿನ ಮೀಟರಲ್ಲಿ ಕಿಲೋಮೀಟರ್ ಇದೆ. ಇವತ್ತಿನದಕ್ಕೂ ಅವತ್ತಿನದಕ್ಕೂ ಹೆಚ್ಚುಕಮ್ಮಿ ಒಂದೇ. ಮೂರ್ನಾಲ್ಕು ಕಿಲೋಮೀಟರ್ ಹೆಚ್ಚು, ಅಷ್ಟೇ." ಅವಳು ಕಾಫಿ ಗುಟುಕರಿಸಿದಳು. "ಕಾರು ಹೆಚ್ಚು ಓಡಿಲ್ಲ. ಆದರೆ ಕರೆಂಟು ಖರ್ಚಾಗಿದೆ. ಇದೇ ನನ್ನ ತಲೆ ತಿಂದದ್ದು. ನಿಂತಲ್ಲೇ ನಿಂತ ಕಾರು ಅಷ್ಟು ಕರೆಂಟು ಹೇಗೆ ಕುಡೀತು?"

ಇನ್‌ಸ್ಪೆಕ್ಟರ್ ಅಕ್ಕನ ಕಡೆ ತಿರುಗಿದಳು. "ನಿಮಗೊಂದು ಕೇಳ್ಬೇಕು. ಡಿಕ್ಕಿಯ ಒಳಗೆ, ಮ್ಯಾಟಿನ ಕೆಳಗೆ ಕಪ್ಪು ಸ್ಪಂಜಿನ ಹಾಸು ಇದೆ. ಅದರಲ್ಲಿ ಒಂದು ಗುಳಿ ಇದೆ. ಮೊಣಕೈಯಿಂದ ಬೆರಳ ತುದಿ ತನಕ ಉದ್ದ. ಕಾರು ಸೀಜ್ ಮಾಡಿದ ದಿನಾನೇ ನೋಡಿದ್ದೆ, ಜಾಕ್ ಇಡೋ ಜಾಗ ಅಂದ್ಕೊಂಡು ಸುಮ್ಮನಾದೆ. ಜಾಕ್ ಬೇರೆ ಕಡೆ ಇದೆ. ಅಲ್ಲಿ ಏನಿರ್ತಿತ್ತು?"

"ಅದಾ? ಅದು ಕರೆಂಟು ಕೊಡೋ ಪ್ಲಗ್ಗು."

"ತಗೊಳ್ಳೋದಲ್ಲ, ಕೊಡೋದು?"

"ಹೂಂ. ಒಂದು ತುದಿ ಕಾರಿಗೆ ಚುಚ್ಚಿದ್ರೆ ಇನ್ನೊಂದು ತುದೀಲಿ ಮನೆ ಗೋಡೆಯಲ್ಲಿರೋ ಹಾಗೇ ಸಾಕೆಟ್ಟು. ದೂರದ ಶಾಲೆಗಳಿಗೆ ಹಲ್ಲಿನ ಕ್ಯಾಂಪಿಗೆ ಹೋದಾಗ ಅವರು ಅದರಿಂದಲೇ ಕುರ್ಚಿ, ಲೈಟು, ಡ್ರಿಲ್ಲು ಎಲ್ಲ ಓಡಿಸೋರು. ಮಕ್ಕಳು ಕಾರಿನ ಸುತ್ತ ಸೇರ್ಕೊಂಡು..." ಅವಳು ನಿಲ್ಲಿಸಿದಳು. "ಅದು ಇಲ್ವಾ?"

"ಇಲ್ಲ."

ಟೈಲ್ಸ್ ವ್ಯಾಪಾರಿಯ ಅಂಗಿಯ ಕಾಲರು ಒದ್ದೆಯಾಗಿತ್ತು. ಇಷ್ಟು ಹೊತ್ತು ಚಳಿಯಲ್ಲಿ ಕೂತು ಬಂದವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಏನನ್ನ ಓಡಿಸಿದಿರಿ?" ಎಂದಳು ಇನ್‌ಸ್ಪೆಕ್ಟರ್.

"ಏನೂ ಇಲ್ಲ."

"ನನಗೂ ಸುಸ್ತಾಗಿದೆ, ನಿಮಗೂ ಸುಸ್ತಾಗಿದೆ. ಈ ಸುಳ್ಳನ್ನ ಹೊತ್ಕೊಂಡು ತಿರುಗಿ ತಿರುಗಿ ನಿಮ್ಮ ಮುಖ ಹೇಗಾಗಿದೆ ನೋಡಿ. ಇಳಿಸಿಬಿಡಿ. ಏನನ್ನ ಓಡಿಸಿದಿರಿ?"

"ಏನೂ ಇಲ್ಲ ಅಂದ್ನಲ್ಲ!"

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಮೀಸೆ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಇನ್‌ಸ್ಪೆಕ್ಟರ್ ಬೇಡವೆಂದು ಕೈಯಾಡಿಸಿದಳು.

ಅಕ್ಕ ತಮ್ಮನ ಕೈ ಹಿಡಿದುಕೊಂಡಳು. ಎಳೆಯಲಿಲ್ಲ, ಗದರಲಿಲ್ಲ. ಬರೀ ಹಿಡಿದುಕೊಂಡಳು.

"ಕೂತ್ಕೊಳೋ," ಎಂದಳು. "ನೀನು ವಾಪಸು ಬಂದ ದಿನ ಮುಖ ನೋಡಿದಾಗಲೇ ನಂಗೆ ಗೊತ್ತಾಗಿತ್ತು. ಚಿಕ್ಕವನಿದ್ದಾಗ ಏನಾದ್ರೂ ಒಡೆದು ಬಂದ್ರೆ ಹೀಗೇ ನನ್ನ ಮುಖ ನೋಡ್ತಿರಲಿಲ್ಲ. ನಾನು ಪೊಲೀಸರ ಹತ್ರ ಬಾಯಿ ಬಿಡಲಿಲ್ಲ. ನೀನಾಗೇ ಹೇಳ್ತೀಯ ಅಂತ ಕಾದೆ. ಇನ್ನು ಕಾಯೋಕೆ ನನ್ನ ಕೈಲಾಗಲ್ಲ ಕಣೋ. ನೋಡು ನನ್ನ."

ಅವನು ನೋಡಲಿಲ್ಲ. ಮೀಸೆ ಎತ್ತಿ ನಿಲ್ಲಿಸಿದ ಕುರ್ಚಿಯಲ್ಲಿ ಕುಸಿದು ಕೂತ. ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

"ಪಂಪು," ಎಂದ.

"ಯಾವ ಪಂಪು?"

"ನೀರೆತ್ತೋ ಪಂಪು. ನನ್ನ ಹಳೇ ಗೋಡೌನಿದೆಯಲ್ಲ, ಇಲ್ಲೇ, ಹೈವೇಯಿಂದ ಒಳಗೆ. ಟೈಲ್ಸ್ ಇಡೋದನ್ನ ಬಿಟ್ಟು ಬಹಳ ದಿನ ಆಯ್ತು. ಕೆಳಗಿನ ನೆಲಮಾಳಿಗೆಯನ್ನ ಬಾಡಿಗೆಗೆ ಕೊಟ್ಟಿದ್ದೆ. ಪೆಟ್ಟಿಗೆ ಇಡ್ತೀವಿ ಅಂದ್ರು. ಯಾವ ಪೆಟ್ಟಿಗೆ ಅಂತ ನಾನು ಕೇಳಲಿಲ್ಲ."

"ಯಾರಿಗೆ ಕೊಟ್ಟಿದ್ರಿ?"

ಅವನು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದವನಂತೆ ಮುಂದುವರಿಸಿದ.

"ಪಕ್ಕದ ಪೈಪು ಒಡೆದು ಒಳಗೆಲ್ಲ ನೀರು ನುಗ್ಗಿತ್ತು. ಸಂಜೆಯೊಳಗೆ ನೀರು ತೆಗೆಸು, ನಾವು ಬರ್ತೀವಿ ಅಂತ ಫೋನು. ಗೋಡೌನಿನ ಕರೆಂಟಿನ ಲೈನು ಸುಟ್ಟು ಹೋಗಿತ್ತು. ಅವತ್ತೇ ಭಾವನ ಜೊತೆ ಈ ದಾರೀಲಿ ಬರೋದಿತ್ತು. ಭಾವ, ನಿಮ್ಮ ಕಾರಿನ ಕರೆಂಟು ಸ್ವಲ್ಪ ಕೊಡಿ ಅಂದೆ."

"ಒಪ್ಪಿದ್ರಾ?"

"ಲೆಕ್ಕ ಹಾಕಿದ್ರು." ಅವನ ದನಿ ಸಣ್ಣಗಾಯಿತು. "ಅರ್ಧ ಗಂಟೆ ಆದ್ರೆ ಪರವಾಗಿಲ್ಲ, ಆಮೇಲೂ ಇಪ್ಪತ್ತರ ಮೇಲೇ ಉಳಿಯುತ್ತೆ, ಬಾ ಅಂದ್ರು. ಅರ್ಧ ಗಂಟೇಲಿ ನೀರು ಮಂಡಿ ತನಕಾನೂ ಇಳೀಲಿಲ್ಲ. ಸಾಕು ನಿಲ್ಸೋ, ಮುಂದಿನ ಸ್ಟೇಷನ್ ಮುಟ್ಟಲ್ಲ ಅಂತ ಕಾರಲ್ಲಿ ಕೂತು ಕೂಗ್ತಾನೇ ಇದ್ರು. ಇನ್ನೈದು ನಿಮಿಷ ಭಾವ, ಇನ್ನೈದು ನಿಮಿಷ ಅಂತ ನಾನು ಎರಡು ಗಂಟೆ ಹತ್ತಿರ ಸಾಗಹಾಕಿದೆ."

ಅಕ್ಕ ಕಣ್ಣು ಮುಚ್ಚಿಕೊಂಡಳು. ಆ ಕೂಗು ಅವಳಿಗೆ ಕೇಳಿಸುತ್ತಿದ್ದಂತಿತ್ತು.

"ಆಮೇಲೆ?"

"ನೀರು ಪಾದದ ಮಟ್ಟಕ್ಕೆ ಇಳಿಯೋ ಹೊತ್ತಿಗೆ ಪಂಪಿಗೆ ಏನೋ ಸಿಕ್ಕಿಕೊಂಡು ನಿಂತುಹೋಯ್ತು. ನಾನು ಮೇಲೆ ಪೈಪು ಹಿಡ್ಕೊಂಡಿದ್ದೆ. ಭಾವ ಪ್ಯಾಂಟು ಮಡಿಸ್ಕೊಂಡು ಮೆಟ್ಟಿಲು ಇಳಿದ್ರು. ಎಷ್ಟೊತ್ತಾದ್ರೂ ಬರಲಿಲ್ಲ. ಏನಾಯ್ತು ಭಾವ ಅಂದೆ. ಉತ್ತರ ಇಲ್ಲ. ನಾನೂ ಇಳಿದೆ."

ಅವನು ನೀರು ಕೇಳಿದ. ಅಂಗಡಿಯಾಕೆ ತಂದಿಟ್ಟ ನೀರನ್ನು ಕುಡಿಯದೆ ಲೋಟವನ್ನು ಹಿಡಿದುಕೊಂಡೇ ಕೂತ.

"ಒಂದು ಪೆಟ್ಟಿಗೆ ನೀರಲ್ಲಿ ನೆಂದು ಬಿಚ್ಚಿಕೊಂಡಿತ್ತು. ಭಾವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ರು. ಬಾಯಲ್ಲಿ ಸಣ್ಣ ಟಾರ್ಚು ಕಚ್ಕೊಂಡಿದ್ರು, ಕ್ಲಿನಿಕ್ಕಲ್ಲಿ ಕೂತ ಹಾಗೆ. ಒಳಗೆ..." ಅವನು ಅಕ್ಕನನ್ನು ನೋಡಿದ. "ಒಳಗೆ ಮನುಷ್ಯ ಇದ್ದ, ಅಕ್ಕ. ಇದ್ದ ಅಂದ್ರೆ... ಬಹಳ ದಿನ ಆಗಿತ್ತು."

ಮೀಸೆ ಲೋಟವನ್ನು ಅಂಗಡಿಯ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಗುರುತು ಸಿಗೋ ಹಾಗಿರಲಿಲ್ಲ. ಆದರೆ ಭಾವ ಟಾರ್ಚು ಕೈಗೆ ತಗೊಂಡು ಹೇಳಿದ್ರು, ಈ ಹಲ್ಲು ನಾನು ಕಟ್ಟಿದ್ದು. ಇವನು ಯಾರು ಅಂತ ನಂಗೊತ್ತು ಅಂದ್ರು. ಪೊಲೀಸಿಗೆ ಫೋನ್ ಮಾಡು ಅಂದ್ರು."

"ಮಾಡಿದ್ರಾ?"

"ಫೋನು ಕೈಗೆ ತಗೊಂಡೆ. ಅಷ್ಟರಲ್ಲಿ ಮೇಲೆ ಗಾಡಿ ನಿಂತ ಸದ್ದು. ಸಂಜೆ ಬರ್ತೀವಿ ಅಂದಿದ್ದವರು ಮಧ್ಯಾಹ್ನವೇ ಬಂದಿದ್ರು."

ಇನ್‌ಸ್ಪೆಕ್ಟರ್ ಮೇಜಿನಡಿ ಕಾಲಿನಿಂದಲೇ ಬೂಟು ಹುಡುಕುತ್ತಿದ್ದಳು. ಕಣ್ಣು ಮಾತ್ರ ಅವನ ಮುಖದಿಂದ ಕದಲಲಿಲ್ಲ.

"ಎಷ್ಟು ಜನ?"

"ಇಬ್ಬರು. ಕೈ ಮಾಡಲಿಲ್ಲ, ಬೈಯಲಿಲ್ಲ. ಡಾಕ್ಟ್ರು ನಮ್ಮ ಜೊತೆ ಇರ್ಲಿ, ನೀನು ಕಾರು ತಗೊಂಡು ಹೋಗು, ಮುಂದಿನ ಸ್ಟೇಷನ್ನಲ್ಲಿ ಕಾಣೆಯಾದ್ರು ಅಂತ ಹೇಳು ಅಂದ್ರು. ಹೇಳಿದ ಹಾಗೆ ಕೇಳಿದ್ರೆ ಡಾಕ್ಟ್ರು ಜೀವಸಹಿತ ಇರ್ತಾರೆ ಅಂದ್ರು. ಆ ಪ್ಲಗ್ಗು ಅಲ್ಲೇ ಉಳೀತು. ಭಾವ ನನ್ನನ್ನ ನೋಡ್ತಾ ನಿಂತಿದ್ರು. ಪ್ಯಾಂಟು ಮಡಿಸಿದ ಹಾಗೇ ಇತ್ತು. ಚಾರ್ಜು ಹದಿನಾಲ್ಕಕ್ಕೆ ಇಳಿಯುತ್ತೆ ಅಂತ ನಂಗೆ ಗೊತ್ತಿರಲಿಲ್ಲ ಅಕ್ಕ. ನಾನು ಹೊರಡೋವಾಗ ಭಾವ ಅಂದದ್ದು ಒಂದೇ ಮಾತು: ಎ.ಸಿ. ಹಾಕ್ಬೇಡ, ನಿಧಾನಕ್ಕೆ ಹೋಗು, ತಲುಪ್ತೀಯ ಅಂತ."

ಅಕ್ಕ ಅವನ ಕೈ ಬಿಟ್ಟಳು.

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಳು. "ನೀನು ಬಿಟ್ಟು ಬಂದೆ," ಎಂದಳು ಕೊನೆಗೆ. "ಅವರನ್ನ ಅಲ್ಲಿ ಬಿಟ್ಟು, ಅವರ ಕಾರಲ್ಲೇ ಬಂದೆ. ಮನೆಗೆ ಬಂದು ನಾನು ಬಡಿಸಿದ್ದನ್ನ ಉಂಡೆ."

"ಅಕ್ಕಾ..."

"ಮೀಸೆ, ಜೀಪು ಕರೆಸು," ಇನ್‌ಸ್ಪೆಕ್ಟರ್ ಎದ್ದಿದ್ದಳು. "ಎರಡು ಜೀಪು. ಗೋಡೌನಿನ ದಾರಿ ಇವರು ತೋರಿಸ್ತಾರೆ." ಆಮೇಲೆ ಟೈಲ್ಸ್ ವ್ಯಾಪಾರಿಯ ಮೇಲೆ ಬಾಗಿದಳು. "ಈಗ ಹೆಸರು ಹೇಳಿ. ಬಾಡಿಗೆಗೆ ಕೊಟ್ಟದ್ದು ಯಾರಿಗೆ?"

ಅವನು ಬಾಯಿ ತೆರೆದ.

ಪೋಂ! ಪೋಂ! ಪೋಂ!

ಎಲ್ಲರೂ ಬೆಚ್ಚಿ ತಿರುಗಿದರು. ಡಾಕ್ಟರ ಕಾರಿನ ನಾಲ್ಕೂ ಮೂಲೆಯ ದೀಪಗಳು ಹತ್ತಿ ಆರುತ್ತಿದ್ದವು. ಹಾರನ್ನು ತಾನಾಗಿ ಹೊಡೆದುಕೊಳ್ಳುತ್ತಿತ್ತು. ಕಾರಿನೊಳಗೆ ಯಾರೂ ಇರಲಿಲ್ಲ. ಪಕ್ಕದ ಕಾರಿನ ದಂಪತಿ ಜಗಳ ಮರೆತು ಕಿಟಕಿಯಿಂದ ಕತ್ತು ಚಾಚಿದ್ದರು.

ಮೀಸೆ ಜೇಬು ತಡಕಿದ. "ಕೀ ನನ್ನ ಹತ್ರಾನೇ ಇದೆ ಮೇಡಂ! ನಾನು ಮುಟ್ಟಿಲ್ಲ!"

"ಕೀ ಅಲ್ಲ," ಎಂದಳು ಡಾಕ್ಟರ ಹೆಂಡತಿ. ಅವಳ ಮುಖದಲ್ಲಿ ಇಷ್ಟು ದಿನ ಇಲ್ಲದಿದ್ದ ರಕ್ತ ಒಮ್ಮೆಗೇ ಉಕ್ಕಿ ಬಂದಿತ್ತು. "ಅದು ಫೋನು. ಪಾರ್ಕಿಂಗಲ್ಲಿ ಕಾರು ಎಲ್ಲಿದೆ ಅಂತ ಗೊತ್ತಾಗದಿದ್ರೆ ಫೋನಲ್ಲಿ ಒತ್ತಿದ್ರೆ ಹೀಗೆ ಕೂಗುತ್ತೆ. ಎಷ್ಟು ದೂರದಿಂದ ಬೇಕಾದ್ರೂ ಒತ್ತಬಹುದು. ಆ ಆ್ಯಪು ಇರೋದು ಎರಡೇ ಫೋನಲ್ಲಿ. ಒಂದು ನಂದು."

ಅವಳ ಫೋನು ಮೇಜಿನ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ ಮಗುಚಿ ಬಿದ್ದಿತ್ತು.

"ಇನ್ನೊಂದು ಅವರದ್ದು. ಅವರೇ! ಬದುಕಿದ್ದಾರೆ, ನಮ್ಮನ್ನ ಕರೀತಿದ್ದಾರೆ!" ಅವಳು ಚಪ್ಪಲಿ ಮೆಟ್ಟದೆಯೇ ಬಿಸಿಲಿಗೆ ಇಳಿದು ಕಾರಿನತ್ತ ಓಡಿದಳು.

ಇನ್‌ಸ್ಪೆಕ್ಟರ್ ಅವಳನ್ನು ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಟೈಲ್ಸ್ ವ್ಯಾಪಾರಿಯನ್ನು. ಅವನು ಮೇಜಿನ ಅಂಚನ್ನು ಹಿಡಿದುಕೊಂಡು ಗಿರಣಿಯ ಗೋಡೆ, ರಸ್ತೆ, ತಗಡಿನ ಚಾವಣಿ ಎಲ್ಲವನ್ನೂ ಕಣ್ಣಲ್ಲೇ ತಡಕಾಡುತ್ತಿದ್ದ. ಲೋಟ ಉರುಳಿ ನೀರು ಅವನ ಮಡಿಲಿಗೆ ಸುರಿಯುತ್ತಿತ್ತು.

"ಆ ಆ್ಯಪಲ್ಲಿ ಕಾರು ಎಲ್ಲಿದೆ ಅನ್ನೋದೂ ಕಾಣುತ್ತೆ," ಎಂದ. "ಪೊಲೀಸರ ಹತ್ರ ಬಾಯಿ ಬಿಟ್ಟರೆ ನಮಗೆ ತಕ್ಷಣ ಗೊತ್ತಾಗುತ್ತೆ ಅಂತ ಆ ಇಬ್ಬರು ಅಂದಿದ್ರು. ಭಾವನ ಫೋನು ಅವತ್ತೇ ಅವರು ಕಿತ್ಕೊಂಡ್ರು ಮೇಡಂ. ಅಕ್ಕನ್ನ ಹಿಡೀರಿ. ಕಾರಿನ ಹತ್ರ ಬಿಡಬೇಡಿ. ಅವರು ಇಲ್ಲೇ ಎಲ್ಲೋ ಇದ್ದಾರೆ."

ಹಾರನ್ನು ನಿಂತಿತು. ಆ ನಿಶ್ಶಬ್ದದಲ್ಲಿ ಕಾರಿನ ನಾಲ್ಕೂ ಬಾಗಿಲುಗಳ ಬೀಗ ಟಕ್ಕೆಂದು ತಾನಾಗಿ ತೆರೆದುಕೊಂಡಿತು.

"ಅದು ಭಾವ ಅಲ್ಲ!"